ಒಂದು ಗಂಟೆ ಅನ್ನೋ ಸುಳ್ಳು

"ಶಿವಮೊಗ್ಗಾನಾ? ಫ್ಲೈಟಲ್ಲಿ ಒಂದೇ ಗಂಟೆ ಮಾರಾಯ!" ಆಫೀಸ್ ಕ್ಯಾಂಟೀನಲ್ಲಿ ಈ ಮಾತು ಕೇಳಿ ಕೇಳಿ ಸಾಕಾಗಿದೆ. 2023ರ ಫೆಬ್ರವರಿಯಲ್ಲಿ ಸೋಗಾನೆಯ ವಿಮಾನ ನಿಲ್ದಾಣ ಉದ್ಘಾಟನೆಯಾಯಿತು, ಆಗಸ್ಟ್ 31ಕ್ಕೆ ಬೆಂಗಳೂರಿನಿಂದ ಮೊದಲ ವಿಮಾನ ಬಂದಿಳಿಯಿತು. ಅವತ್ತಿನಿಂದ ಮಲೆನಾಡು ಒಂದು ಗಂಟೆ ದೂರವಂತೆ.

ಲೆಕ್ಕ ಹಾಕೋಣ ಬನ್ನಿ. ದೇವನಹಳ್ಳಿಯಿಂದ ಸೋಗಾನೆಗೆ ಆಕಾಶದಲ್ಲಿ ಸುಮಾರು 240 ಕಿ.ಮೀ. ಟಿಕೆಟ್ಟಿನ ಪ್ರಕಾರ ಒಂದೂಕಾಲು ಗಂಟೆ ಆಸುಪಾಸು. ಸರಿ, ಆದರೆ ನಾವ್ಯಾರೂ ರನ್‌ವೇ ಪಕ್ಕ ಮನೆ ಮಾಡಿಲ್ಲವಲ್ಲ! ಎಲೆಕ್ಟ್ರಾನಿಕ್ ಸಿಟಿಯಿಂದ ದೇವನಹಳ್ಳಿಗೆ ಟ್ರಾಫಿಕ್ಕಲ್ಲಿ ಎರಡು ಗಂಟೆ. ಚೆಕ್-ಇನ್, ಸೆಕ್ಯೂರಿಟಿ, ಗೇಟಿನ ಮುಂದೆ ಕಾಯೋದು ಒಂದೂವರೆ ಗಂಟೆ. ಇಳಿದು, ಬ್ಯಾಗ್ ತಗೊಂಡು, ಟ್ಯಾಕ್ಸಿ ಹಿಡಿದು ಪೇಟೆ ಸೇರೋಕೆ ಮುಕ್ಕಾಲು ಗಂಟೆ. ಒಟ್ಟು ಐದೂವರೆ.

ಜನಶತಾಬ್ದಿ ರೈಲು ಮೆಜೆಸ್ಟಿಕ್‌ನಿಂದ ಶಿವಮೊಗ್ಗಕ್ಕೆ ಸುಮಾರು ನಾಲ್ಕೂವರೆ ಗಂಟೆ ತಗೊಳ್ಳುತ್ತೆ. ಸ್ಟೇಷನ್ ತಲುಪೋದು, ಕಾಯೋದು ಎಲ್ಲ ಸೇರಿಸಿದರೂ ಮನೆಯಿಂದ ಆರೂವರೆ. ಅಂದರೆ ಆ "ಒಂದು ಗಂಟೆ" ಪ್ರಯಾಣದ ಅವಧಿಯಲ್ಲ, ಉಳಿತಾಯದ ಅವಧಿ. ರಾಜಾಜಿನಗರದವರಿಗೆ ಅದೂ ಅನುಮಾನ.

ಡೇಟಾಬೇಸ್ ಕ್ವೆರಿಗೆ 10 ಮಿಲಿಸೆಕೆಂಡ್ ಅಂತ ತೋರಿಸಿ, ಪೇಜ್ ತೆರೆಯೋಕೆ ಐದು ಸೆಕೆಂಡ್ ಆಗೋದನ್ನು ಮುಚ್ಚಿಟ್ಟವನನ್ನು ನಾವು ಮೀಟಿಂಗಲ್ಲೇ ಉಗೀತೀವಿ. ಊರಿನ ವಿಷಯಕ್ಕೆ ಬಂದರೆ ಅದೇ ಲೆಕ್ಕಕ್ಕೆ ಚಪ್ಪಾಳೆ ತಟ್ಟುತ್ತೀವಿ.

ಚಪ್ಪಾಳೆಯಿಂದ ನಷ್ಟ ಏನು ಅಂತೀರಾ? ನಾವು ಯಾವುದನ್ನು ಅಳೆಯುತ್ತೀವೋ ಅದನ್ನೇ ಕೇಳುತ್ತೀವಿ. ಬೀರೂರಿನಿಂದ ಶಿವಮೊಗ್ಗಕ್ಕೆ ಇನ್ನೂ ಒಂಟಿ ಹಳಿ. ಎದುರಿನ ಗಾಡಿ ಬರೋವರೆಗೆ ಈ ಗಾಡಿ ನಿಂತಿರಬೇಕು. ಇಡೀ ದಾರಿ ಸುಮಾರು 275 ಕಿ.ಮೀ., ಜನಶತಾಬ್ದಿಯ ಸರಾಸರಿ ವೇಗ ಗಂಟೆಗೆ 60 ಕಿ.ಮೀ. ಅದನ್ನು 80ಕ್ಕೆ ಏರಿಸಿದರೆ ಮೂರೂವರೆ ಗಂಟೆ ಸಾಕು. ವಿಮಾನದ ಉಳಿತಾಯ ಅಲ್ಲಿಗೆ ಸೊನ್ನೆ. ಈ ಮಾರ್ಗದಲ್ಲಿ ಹಾರೋ ಎಟಿಆರ್ ವಿಮಾನಕ್ಕೆ 80 ಸೀಟೂ ಇಲ್ಲ, ಒಂದು ರೈಲಲ್ಲಿ ಸಾವಿರ ಜನ ಕೂರಬಹುದು. ರೈಲು ಹಳಿ ಸಾಗರ ದಾಟಿ ತಾಳಗುಪ್ಪದವರೆಗೂ ಹೋಗುತ್ತೆ. ಸಾಗರದವನು ಸೋಗಾನೆಯಲ್ಲಿ ಇಳಿದರೆ ಮತ್ತೆ ರಸ್ತೆ ಹಿಡಿಯಲೇಬೇಕು.

"ತುರ್ತಿಗೆ ವಿಮಾನ ಬೇಡವಾ?" ಬೇಕು, ಇರಲಿ. ಆದರೆ ರಾತ್ರಿ ಒಂಬತ್ತಕ್ಕೆ "ಅಪ್ಪಂಗೆ ಹುಷಾರಿಲ್ಲ, ಬಾ" ಅಂತ ಫೋನ್ ಬಂದಾಗ ನೀವು ಹತ್ತೋದು ಮೆಜೆಸ್ಟಿಕ್‌ನಲ್ಲಿ ಬಸ್ಸನ್ನು. ಬೆಳಗಿನ ವಿಮಾನಕ್ಕೆ ಯಾವ ಮಗನೂ ಕಾಯಲ್ಲ.

ಇನ್ನು ಮೇಲೆ ಯಾರಾದರೂ "ಒಂದೇ ಗಂಟೆ" ಅಂದರೆ ಒಂದೇ ಪ್ರಶ್ನೆ ಕೇಳಿ: ಯಾವ ಬಾಗಿಲಿಂದ ಯಾವ ಬಾಗಿಲಿಗೆ? ಅದೇ ಪ್ರಶ್ನೆಯನ್ನು ಎಲೆಕ್ಷನ್ ಟೈಮಲ್ಲಿ ವೋಟು ಕೇಳೋಕೆ ಬಂದವರಿಗೂ ಹಾಕಿ. ಎರಡನೇ ಹಳಿ ಎಲ್ಲಿ ಅಂತಲೂ ಕೇಳಿ.