ವೈರಸ್ ಅಡಗಿದರೆ ಸಾಲದು
ಎಚ್‌ಐವಿ ಸೋಂಕು ತಗುಲಿತೆಂದರೆ ಬಾಳೇ ಮುಗಿಯಿತೆಂಬ ಕಾಲವೊಂದಿತ್ತು. 1996ರಿಂದೀಚೆಗೆ ಬಳಕೆಗೆ ಬಂದ ಸಂಯುಕ್ತ ಔಷಧಗಳು ಆ ಭಯವನ್ನು ಬಹುಮಟ್ಟಿಗೆ ನೀಗಿದವು. ಆದರೆ ವೈರಸ್ ಅಡಗಿದ ಮೇಲೂ ದೇಹದಲ್ಲಿ ಮಂದವಾದ ಉರಿಯೂತವೊಂದು ಉಳಿಯುತ್ತದೆ. ಅದು ರಕ್ತನಾಳಗಳ ಒಳಪದರವನ್ನು ಕೆಡಿಸಿ, ಕೊಬ್ಬು ಕಟ್ಟಿಕೊಳ್ಳಲು ಎಡೆಗೊಡುತ್ತದೆ. ಸೋಂಕಿತರಲ್ಲಿ ಪಾರ್ಶ್ವವಾಯುವಿನ ಸಂಭವ ಹೆಚ್ಚಾಗಿರುವುದಕ್ಕೆ ಇದೂ ಒಂದು ಕಾರಣ.

ನಾವು ತರಗತಿಯಲ್ಲಿ ಕಲಿಯುವ ಒಂದು ನಿಯಮವನ್ನು ಇಲ್ಲಿ ನೆನೆಯೋಣ. ರಕ್ತಪ್ರವಾಹದಲ್ಲಿ ಆಸಕ್ತನಾಗಿದ್ದ ಫ್ರೆಂಚ್ ವೈದ್ಯ ಪ್ವಾಸೆಯ್ ಕಂಡುಕೊಂಡಂತೆ, ಕಿರುಗೊಳವೆಯ ತ್ರಿಜ್ಯ ಅರ್ಧವಾದರೆ ಅದೇ ಒತ್ತಡದಲ್ಲಿ ಹರಿವು 16ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಜೀವಂತ ನಾಳಕ್ಕೆ ಈ ಲೆಕ್ಕ ಹಾಗೆಯೇ ಒಪ್ಪದಿದ್ದರೂ ಅದರ ಎಚ್ಚರಿಕೆ ಸ್ಪಷ್ಟವಾಗಿದೆ. ದೇಹದ ತೂಕದಲ್ಲಿ ನೂರಕ್ಕೆ 2 ಪಾಲಷ್ಟೇ ಇದ್ದು, ಆಮ್ಲಜನಕದಲ್ಲಿ ಸುಮಾರು 20 ಪಾಲನ್ನು ಬಳಸುವ ಮಿದುಳು ಇಂಥ ಕೊರತೆಯನ್ನು ಹೇಗೆ ಸಹಿಸೀತು?

ಭಾರತವೂ ಸೇರಿ 12 ದೇಶಗಳ 7,769 ಸೋಂಕಿತರಲ್ಲಿ ನಡೆದ ರಿಪ್ರೀವ್ ಪರೀಕ್ಷೆಯ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಪಿಟಾವಸ್ಟಾಟಿನ್ ಮಾತ್ರೆಯು ಹೃದಯಾಘಾತ, ಪಾರ್ಶ್ವವಾಯು ಮೊದಲಾದ ಅವಘಡಗಳನ್ನು ಒಟ್ಟಾರೆ ನೂರಕ್ಕೆ 35ರಷ್ಟು ತಗ್ಗಿಸಿತ್ತು.

ಆದುದರಿಂದ ವೈರಸ್ಸಿನ ಲೆಕ್ಕವಿಡುವ ಚಿಕಿತ್ಸಾ ಕೇಂದ್ರವೇ ರಕ್ತದೊತ್ತಡ, ಸಕ್ಕರೆ, ಕೊಬ್ಬುಗಳ ಲೆಕ್ಕವನ್ನೂ ಇಡಬೇಕೆಂಬುದು ನಮ್ಮ ಅಭಿಮತ. ಒಂದು ಮೃತ್ಯುವಿನಿಂದ ಬಿಡಿಸಿದವರನ್ನು ಇನ್ನೊಂದರ ಬಾಯಿಗೆ ಬಿಡುವುದು ಚಿಕಿತ್ಸೆಯೆನಿಸದು.