ಕಾರ್ ಪಾರ್ಕ್ ವೈರಾಗ್ಯ ಮತ್ತು ಎರಡು ದನಿಯ ಹಾಡು

ನವೆಂಬರ್ ಒಂದು ಬಂತೆಂದರೆ ನಮಗೆಲ್ಲ ಕನ್ನಡ ರಾಜ್ಯೋತ್ಸವ. ಐರ್ಲೆಂಡಿನ ಹಳೆಯ ಲೆಕ್ಕದಲ್ಲಿ ಅದೇ ದಿನ ಚಳಿಗಾಲದ ಮೊದಲ ದಿನ. ನವೆಂಬರ್, ಡಿಸೆಂಬರ್, ಜನವರಿ ಇಲ್ಲಿಯವರಿಗೆ ಚಳಿಗಾಲ. ಫೆಬ್ರವರಿ 1ರಂದು, ಸಂತ ಬ್ರಿಜಿಡ್ ಹಬ್ಬಕ್ಕೆ, ವಸಂತ ಬಂದಾಯಿತೆಂದು ಲೆಕ್ಕ. 2023ರಿಂದ ಆ ಹಬ್ಬಕ್ಕೆ ಸರ್ಕಾರಿ ರಜೆಯೂ ಸಿಕ್ಕಿದೆ. ಹೊರಗೆ ಕಿವಿ ಕತ್ತರಿಸುವ ಗಾಳಿ ಬೀಸುತ್ತಿರುವಾಗ "ವಸಂತ ಬಂತು" ಎನ್ನುವ ಇವರ ಆಶಾವಾದವನ್ನು ಮೆಚ್ಚಲೇಬೇಕು!

ಡಿಸೆಂಬರ್ ಮೂರನೇ ವಾರದಲ್ಲಿ ಡಬ್ಲಿನ್‌ನಲ್ಲಿ ಸೂರ್ಯ ಹುಟ್ಟುವುದು ಬೆಳಿಗ್ಗೆ ಎಂಟೂವರೆಯ ಮೇಲೆ, ಮುಳುಗುವುದು ಸಂಜೆ ನಾಲ್ಕು ಗಂಟೆ ಹತ್ತು ನಿಮಿಷದೊಳಗೆ. ಬೆಂಗಳೂರಿನಲ್ಲಿ ವರ್ಷದ ಅತಿ ಚಿಕ್ಕ ಹಗಲು ಕೂಡ ಹನ್ನೊಂದು ಗಂಟೆ ಮೀರುತ್ತದೆ. ಇಲ್ಲಿ ಏಳೂವರೆ ಗಂಟೆಗೆ ಮುಗಿಯಿತು. ಈ ಕತ್ತಲೆಯಲ್ಲಿ ಮಕ್ಕಳನ್ನು ಮನೆಯಲ್ಲೇ ಕೂಡಿಹಾಕಿದರೆ ಅವರು ಟೀವಿ, ಫೋನುಗಳಿಗೆ ಅಂಟಿಕೊಳ್ಳುತ್ತಾರೆ. ಅದಕ್ಕೇ ಇರಬೇಕು, ಈ ದೇಶದಲ್ಲಿ ಮಕ್ಕಳ ಚಟುವಟಿಕೆಗಳೆಲ್ಲ ಚಳಿಗಾಲದಲ್ಲೇ ಮುಗಿಬೀಳುತ್ತವೆ.

ನಮ್ಮ ಮನೆಯ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿರುವ ವಾರದ ಪಟ್ಟಿ ಹೀಗಿದೆ. ಸೋಮವಾರ ಮಗನಿಗೆ ಈಜು. ಮಂಗಳವಾರ ಮಗಳಿಗೆ ಪಿಯಾನೋ. ಬುಧವಾರ ಮಗನಿಗೆ ಶಾಲೆಯ ಹಾಲ್‌ನಲ್ಲಿ ಬ್ಯಾಸ್ಕೆಟ್‌ಬಾಲ್, ಅದೇ ಹೊತ್ತಿಗೆ ಊರಿನ ಇನ್ನೊಂದು ತುದಿಯಲ್ಲಿ ಮಗಳಿಗೆ ಕ್ವಾಯರ್. ಗುರುವಾರ ಬೆಂಗಳೂರಿನ ಮೇಷ್ಟರಿಂದ ಅಂತರ್ಜಾಲದಲ್ಲಿ ಮೃದಂಗದ ಪಾಠ. ಇಲ್ಲಿ ಮೂರೂವರೆಯಾದರೆ ಅವರಿಗೆ ರಾತ್ರಿ ಒಂಬತ್ತು, ಆದ್ದರಿಂದ ಹುಡುಗ ಶಾಲೆಯಿಂದ ಬಂದವನೇ ಬಾಯಲ್ಲಿ ಚಪಾತಿ ಇಟ್ಟುಕೊಂಡೇ ಕೂರಬೇಕು. ಶನಿವಾರ ಯಾವುದಾದರೂ ಪಂದ್ಯ, ಇಲ್ಲವೇ ಯಾರದಾದರೂ ಹುಟ್ಟುಹಬ್ಬ. ಭಾನುವಾರ ನಮ್ಮ ಸಂಘದ ಕನ್ನಡ ತರಗತಿ. ಇದರ ಮೇಲೆ ನನ್ನ ಆನ್‌ಕಾಲ್ ಡ್ಯೂಟಿ, ನನ್ನಾಕೆಯ ಶಿಫ್ಟ್. ಇದನ್ನೆಲ್ಲ ಹೊಂದಿಸುವುದು ಮದುವೆ ಮನೆಯ ಪಂಕ್ತಿ ಕೂರಿಸುವುದಕ್ಕಿಂತ ಕಷ್ಟ.

ಸ್ಮಶಾನ ವೈರಾಗ್ಯ, ಪ್ರಸೂತಿ ವೈರಾಗ್ಯ, ಪುರಾಣ ವೈರಾಗ್ಯ ಎಂದು ನಮ್ಮ ಹಿರಿಯರು ಮೂರು ಬಗೆ ಹೇಳಿದ್ದರು. ನಾಲ್ಕನೆಯದನ್ನು ಅನಿವಾಸಿಗಳಾದ ನಾವು ಸೇರಿಸಬೇಕು: ಕಾರ್ ಪಾರ್ಕ್ ವೈರಾಗ್ಯ. ಮಳೆ ಸುರಿಯುತ್ತಿರುತ್ತದೆ, ಗಾಜಿನ ಮೇಲೆ ಮಂಜು ಕಟ್ಟಿರುತ್ತದೆ, ಫ್ಲಾಸ್ಕಿನ ಕಾಫಿ ಖಾಲಿಯಾಗಿರುತ್ತದೆ. "ಇದೆಲ್ಲ ಯಾತಕ್ಕೆ? ನಮಗೆ ಯಾರು ಈಜು ಕಲಿಸಿದರು, ಯಾರು ಪಿಯಾನೋ ಕಲಿಸಿದರು? ನಾವೇನು ಬದುಕಲಿಲ್ಲವೇ?" ಎಂಬ ಪ್ರಶ್ನೆಗಳು ಏಳುತ್ತವೆ. ಮಗು ಬಾಗಿಲು ತೆಗೆದು ಒಳಗೆ ಬಂದು "ಅಪ್ಪಾ, ಇವತ್ತು ಏನಾಯ್ತು ಗೊತ್ತಾ?" ಎಂದ ಕೂಡಲೇ ವೈರಾಗ್ಯ ಇಳಿದುಹೋಗುತ್ತದೆ.

ಈ ಪಟ್ಟಿಯಲ್ಲಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಕ್ವಾಯರ್. ನಮ್ಮ ಕಡೆ ಸಾಮೂಹಿಕ ಗಾಯನ ಎಂದರೆ ಭಜನೆ, ಶಾಲೆಯ ಪ್ರಾರ್ಥನೆ. ಹತ್ತು ಜನ ಹಾಡಿದರೂ ಹಾಡು ಒಂದೇ, ಸ್ವರ ಒಂದೇ. ಇಲ್ಲಿ ಹಾಗಲ್ಲ. ಸೊಪ್ರಾನೋ, ಆಲ್ಟೋ, ಟೆನರ್, ಬಾಸ್ ಎಂದು ನಾಲ್ಕು ದನಿ. ನಾಲ್ವರೂ ಒಂದೇ ಹೊತ್ತಿಗೆ ಬೇರೆಬೇರೆ ಸ್ವರ ಹಿಡಿದು, ಕೂಡಿದಾಗ ಒಂದಾಗಬೇಕು. ನಮ್ಮ ಮಗಳದು ಆಲ್ಟೋ. ಅವಳೊಬ್ಬಳೇ ಮನೆಯಲ್ಲಿ ಅಭ್ಯಾಸ ಮಾಡಿದರೆ ಅದು ಹಾಡಿನಂತೆಯೇ ಕೇಳುವುದಿಲ್ಲ. ಎರಡು ಮೂರು ಸ್ವರಗಳ ಸುತ್ತಲೇ ಗಿರಕಿ ಹೊಡೆಯುತ್ತದೆ. ವಿಡಿಯೋ ಕಾಲ್‌ನಲ್ಲಿ ಕೇಳಿಸಿಕೊಂಡ ನಮ್ಮಮ್ಮ, "ಅಲ್ಲ ಪುಟ್ಟೀ, ಇದರ ಪಲ್ಲವಿ ಎಲ್ಲಿದೆ?" ಎಂದರು. "ಅದು ಪಕ್ಕದ ಹುಡುಗಿ ಹತ್ರ ಇದೆ ಅಜ್ಜಿ" ಎಂದಳು ಮೊಮ್ಮಗಳು!

ಚರ್ಚಿನಲ್ಲಿ ಹಾಡುವುದಕ್ಕೆ ಅಮ್ಮ ಏನೆನ್ನುತ್ತಾರೋ ಎಂದು ನನಗೆ ಒಳಗೊಳಗೇ ಅಳುಕಿತ್ತು. ಅವರು "ದೇವರ ಹಾಡು ತಾನೇ, ಹಾಡ್ಲಿ ಬಿಡು. ಗಂಟಲು ಕಟ್ಟದ ಹಾಗೆ ಹಾಲಿಗೆ ಅರಿಶಿನ, ಮೆಣಸಿನಪುಡಿ ಹಾಕಿ ಕೊಡು" ಎಂದು ಮುಗಿಸಿಬಿಟ್ಟರು. ಎಂ.ಡಿ. ಮಾಡಿದ ಮಗನಿಗೆ ಅಮ್ಮನ ಪ್ರಿಸ್ಕ್ರಿಪ್ಷನ್.

ಡಬ್ಲಿನ್ ನಗರಕ್ಕೂ ಕ್ವಾಯರಿಗೂ ಹಳೆಯ ನಂಟು. ಸೇಂಟ್ ಪ್ಯಾಟ್ರಿಕ್ಸ್ ಕ್ಯಾಥೆಡ್ರಲ್ಲಿನ ಗಾಯನ ಶಾಲೆ ಶುರುವಾದದ್ದು 1432ರಲ್ಲಿ, ಅಂದರೆ ವಿಜಯನಗರದಲ್ಲಿ ಪ್ರೌಢದೇವರಾಯ ಆಳುತ್ತಿದ್ದ ಕಾಲದಲ್ಲಿ. ಇಂದು ಲೋಕದ ತುಂಬ ಕ್ರಿಸ್‌ಮಸ್ ಸಮಯದಲ್ಲಿ ಹಾಡುವ ಹ್ಯಾಂಡೆಲ್‌ನ 'ಮೆಸ್ಸಾಯ' ಮೊದಲು ಹಾಡಿದ್ದು 1742ರ ಏಪ್ರಿಲ್ 13ರಂದು, ಡಬ್ಲಿನ್ನಿನ ಫಿಶಾಂಬಲ್ ಸ್ಟ್ರೀಟ್‌ನಲ್ಲಿ. ಹಾಡಿದವರು ಸೇಂಟ್ ಪ್ಯಾಟ್ರಿಕ್ಸ್ ಮತ್ತು ಕ್ರೈಸ್ಟ್ ಚರ್ಚ್ ಎರಡೂ ಕ್ಯಾಥೆಡ್ರಲ್‌ಗಳ ಗಾಯಕರು. ಜನ ಎಷ್ಟು ಸೇರುತ್ತಾರೆಂದರೆ, ಹೆಂಗಸರು ಬಳೆಯಂಥ ಚೌಕಟ್ಟಿನ ಅಗಲ ಲಂಗ ತೊಡಬೇಡಿ, ಗಂಡಸರು ಕತ್ತಿ ಕಟ್ಟಿಕೊಂಡು ಬರಬೇಡಿ ಎಂದು ಮೊದಲೇ ಕೇಳಿಕೊಂಡಿದ್ದರು. ನಮ್ಮ ಸಂಘದ ಊಟದ ಸಾಲಿಗೂ ಇಂಥದೊಂದು ಪ್ರಕಟಣೆ ಬೇಕಾಗಿದೆ!

ವೈದ್ಯನಾಗಿ ನನಗೆ ಮನಸ್ಸಿಗೆ ತಟ್ಟುವುದು ಆ ಕಛೇರಿಯ ಹಣ ಎಲ್ಲಿಗೆ ಹೋಯಿತೆಂಬುದು. ಸಾಲ ತೀರಿಸಲಾಗದೆ ಜೈಲಿನಲ್ಲಿದ್ದವರಿಗೆ, ಮರ್ಸರ್ಸ್ ಆಸ್ಪತ್ರೆಗೆ ಮತ್ತು ಚಾರಿಟೇಬಲ್ ಇನ್‌ಫರ್ಮರಿಗೆ ಅದು ಹಂಚಿಕೆಯಾಯಿತು. 142 ಮಂದಿ ಸಾಲಗಾರರು ಬಿಡುಗಡೆಯಾದರು. ಆ ಇನ್‌ಫರ್ಮರಿಯೇ ಮುಂದೆ ಜರ್ವಿಸ್ ಸ್ಟ್ರೀಟ್ ಆಸ್ಪತ್ರೆಯಾಗಿ, 1987ರಲ್ಲಿ ಮುಚ್ಚಿ, ಬೋಮಾಂಟ್ ಆಸ್ಪತ್ರೆಯಲ್ಲಿ ಸೇರಿಹೋಯಿತು. ಬೋಮಾಂಟ್‌ನಲ್ಲಿ ದುಡಿಯುವ ನಮ್ಮವರು ಮುಂದಿನ ಸಲ ಆ ಹಾಡು ಕೇಳಿದಾಗ ಇದನ್ನು ನೆನೆಯಬಹುದು.

ಹಾಡುವುದು ಆರೋಗ್ಯಕ್ಕೆ ಒಳ್ಳೆಯದೇ ಡಾಕ್ಟ್ರೇ ಎಂದು ಕೇಳುವವರಿದ್ದಾರೆ. ಸ್ವೀಡನ್ನಿನ ಗೋಥೆನ್‌ಬರ್ಗ್‌ನ ಸಂಶೋಧಕರು 2013ರಲ್ಲಿ ಒಂದು ಸಣ್ಣ ಅಧ್ಯಯನ ಪ್ರಕಟಿಸಿದರು. ಒಟ್ಟಿಗೆ ಹಾಡುವವರ ಹೃದಯದ ಬಡಿತ ಒಟ್ಟಿಗೇ ಏರುತ್ತದೆ, ಒಟ್ಟಿಗೇ ಇಳಿಯುತ್ತದೆ ಎಂದು ಅದರಲ್ಲಿ ಕಂಡುಬಂತು. ಪವಾಡವೇನಿಲ್ಲ: ಹಾಡಿನ ಸಾಲು ಮುಗಿದಲ್ಲಿ ಎಲ್ಲರೂ ಒಟ್ಟಿಗೆ ಉಸಿರು ತೆಗೆದುಕೊಳ್ಳುತ್ತಾರೆ, ಹೃದಯ ಉಸಿರನ್ನು ಹಿಂಬಾಲಿಸುತ್ತದೆ. ನಮ್ಮ ಪ್ರಾಣಾಯಾಮವೂ ಹಿಡಿದದ್ದು ಇದೇ ಸೂತ್ರವನ್ನು. ಅದೇ ಉಸಿರು ಅಪಾಯವನ್ನೂ ಹರಡಬಲ್ಲದು. 2020ರ ಮಾರ್ಚ್‌ನಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಕ್ಯಾಗಿಟ್ ಎಂಬಲ್ಲಿ ಒಂದು ಕ್ವಾಯರಿನ ಅಭ್ಯಾಸಕ್ಕೆ 61 ಮಂದಿ ಸೇರಿದ್ದರು. 53 ಮಂದಿಗೆ ಕೋವಿಡ್ ತಗುಲಿತು, ಇಬ್ಬರು ತೀರಿಕೊಂಡರು. ಆದ್ದರಿಂದ ಜ್ವರ, ಕೆಮ್ಮು ಇರುವ ಮಗುವನ್ನು "ಕಾನ್ಸರ್ಟ್ ಹತ್ತಿರ ಬಂತು" ಎಂದು ಅಭ್ಯಾಸಕ್ಕೆ ಕಳಿಸಬೇಡಿ. ಹಾಗೆಯೇ ಇಲ್ಲಿಯ ಚಳಿಗಾಲದ ಬಿಸಿಲಿನಿಂದ ಚರ್ಮಕ್ಕೆ ವಿಟಮಿನ್ ಡಿ ಸಿಗುವುದಿಲ್ಲ, ನಮ್ಮಂಥ ಶ್ಯಾಮಲ ಬಣ್ಣದವರಿಗಂತೂ ಇನ್ನೂ ಕಷ್ಟ. ಒಂದರಿಂದ ನಾಲ್ಕು ವರ್ಷದ ಮಕ್ಕಳಿಗೆ ಹ್ಯಾಲೊವೀನ್‌ನಿಂದ ಸೇಂಟ್ ಪ್ಯಾಟ್ರಿಕ್ಸ್ ದಿನದವರೆಗೆ ದಿನಕ್ಕೆ 5 ಮೈಕ್ರೋಗ್ರಾಂ ಕೊಡಬೇಕೆಂದು ಇಲ್ಲಿಯ ಆರೋಗ್ಯ ಇಲಾಖೆಯೇ ಹೇಳಿದೆ. ದೊಡ್ಡ ಮಕ್ಕಳ ವಿಷಯವನ್ನು ನಿಮ್ಮ ಜಿಪಿಯ ಹತ್ತಿರ ಕೇಳಿ.

ಇನ್ನು ಮನೆಯ ಗಲಾಟೆಗೆ ಬರುತ್ತೇನೆ. ಡಿಸೆಂಬರ್‌ನಲ್ಲಿ ಕ್ವಾಯರಿನವರು ಭಾನುವಾರವೂ ಅಭ್ಯಾಸ ಇಟ್ಟರು. ಸರಿಯಾಗಿ ಕನ್ನಡ ತರಗತಿಯ ಹೊತ್ತು. ಮಗಳಿಗೆ ಹದಿನಾಲ್ಕು. "ಅಪ್ಪಾ, ಎರಡರಲ್ಲಿ ಒಂದೇ ಆಗೋದು. ಕನ್ನಡ ಹೇಗೂ ಮನೇಲಿ ಮಾತಾಡ್ತೀವಲ್ಲ" ಎಂದಳು. ನಾನು ಎರಡು ದಿನ ನಮ್ಮ ಮನೆಯ ಕನ್ನಡವನ್ನು ಕಿವಿಗೊಟ್ಟು ಕೇಳಿದೆ. "ಬೇಗ ಹೊರಡು", "ಜಾಕೆಟ್ ಹಾಕ್ಕೋ", "ಊಟ ಆಯ್ತಾ", "ಲೇಟಾಯ್ತು". ಬಹಳವೆಂದರೆ ನೂರು ಮಾತಿನ ಕನ್ನಡ, ಅದರಲ್ಲೂ ಅರ್ಧ ಆಜ್ಞೆಗಳು!

ಹಾಗೆಂದು ತರಗತಿಯೊಂದೇ ಭಾಷೆಯನ್ನು ಉಳಿಸುತ್ತದೆಯೇ? ಈ ದೇಶವನ್ನೇ ನೋಡಿ. ಶಾಲೆಯಲ್ಲಿ ಎಲ್ಲರಿಗೂ ಐರಿಷ್ ಪಾಠ. 2022ರ ಜನಗಣತಿಯಲ್ಲಿ ಸುಮಾರು 18.7 ಲಕ್ಷ ಮಂದಿ ತಮಗೆ ಐರಿಷ್ ಬರುತ್ತದೆ ಎಂದರು. ಶಾಲೆಯ ಹೊರಗೆ ದಿನವೂ ಅದನ್ನು ಮಾತಾಡುವವರು 72 ಸಾವಿರ ಮಾತ್ರ. ಪರೀಕ್ಷೆಗೆ ಕಲಿತ ಭಾಷೆ ಪರೀಕ್ಷೆಯ ಜೊತೆಗೇ ಮುಗಿದುಹೋಗಬಹುದು. ಭಾಷೆಗೆ ಒಂದು ಕೆಲಸ ಬೇಕು.

ಆಗ ನೆನಪಾದವರು ಕಸಿನ್ಸ್ ದಂಪತಿಗಳು. ಜೇಮ್ಸ್ ಕಸಿನ್ಸ್ ಬೆಲ್‌ಫಾಸ್ಟ್‌ನಲ್ಲಿ ಹುಟ್ಟಿದ ಐರಿಷ್ ಕವಿ. ಡಬ್ಲಿನ್ನಿನ ಸ್ಯಾಂಡಿಮೌಂಟ್‌ನಲ್ಲಿ ಮನೆ ಮಾಡಿದ್ದವರು, 1915ರಲ್ಲಿ ಪತ್ನಿ ಮಾರ್ಗರೆಟ್ ಜೊತೆ ಭಾರತಕ್ಕೆ ಬಂದರು. ಮೈಸೂರಿನಲ್ಲಿ ವಿದ್ಯಾರ್ಥಿಯಾಗಿದ್ದ ಕೆ.ವಿ. ಪುಟ್ಟಪ್ಪನವರು ಆಗ ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದರು. 1922ರಲ್ಲಿ 'ಬಿಗಿನರ್ಸ್ ಮ್ಯೂಸ್' ಎಂಬ ಪುಸ್ತಕವನ್ನೂ ತಂದಿದ್ದರು. ಕಸಿನ್ಸ್ ಅವರನ್ನು ಭೇಟಿಯಾದಾಗ, ನಿಮ್ಮ ತಾಯ್ನುಡಿಯಲ್ಲಿ ಬರೆಯಿರಿ ಎಂದು ಆ ಐರಿಷ್ ಕವಿ ಸಲಹೆ ಕೊಟ್ಟರು. ಆ ಹುಡುಗ ಕುವೆಂಪು ಆದ ಕಥೆ ನಿಮಗೆಲ್ಲ ಗೊತ್ತು. ಇನ್ನು ಮಾರ್ಗರೆಟ್, ರಾಸ್‌ಕಾಮನ್ ಕೌಂಟಿಯ ಬಾಯ್ಲ್ ಊರಿನವರು, ಸಂಗೀತದಲ್ಲಿ ಪದವಿ ಪಡೆದವರು. 1919ರ ಫೆಬ್ರವರಿಯಲ್ಲಿ ನಮ್ಮ ಕೋಲಾರದ ಗಡಿಯಾಚೆಯ ಮದನಪಲ್ಲಿಗೆ ರವೀಂದ್ರನಾಥ ಟಾಗೋರರು ಬಂದು 'ಜನಗಣಮನ'ವನ್ನು ಹಾಡಿದಾಗ, ಅದಕ್ಕೆ ಸ್ವರಲಿಪಿ ಬರೆದುಕೊಂಡವರು ಈಕೆ. ನಮ್ಮ ರಾಷ್ಟ್ರಗೀತೆಯ ಸ್ವರಕ್ಕೂ ನಾಡಗೀತೆ ಬರೆದ ಕವಿಯ ಕನ್ನಡಕ್ಕೂ ಒಂದೇ ಐರಿಷ್ ಮನೆಯ ಕೈ ತಗುಲಿದೆ ಎಂದರೆ ಸೋಜಿಗವಲ್ಲವೇ?

ಮಗಳಿಗೆ ಈ ಕಥೆ ಹೇಳಿ ಒಂದು ಒಪ್ಪಂದ ಮಾಡಿಕೊಂಡೆವು. ಡಿಸೆಂಬರ್ ಪೂರ್ತಿ ಭಾನುವಾರ ಕ್ವಾಯರ್. ಜನವರಿಯಿಂದ ಅವಳು ಸಂಘದ ಚಿಕ್ಕ ಮಕ್ಕಳಿಗೆ ಯುಗಾದಿಗೆ ಎರಡು ಕನ್ನಡ ಹಾಡು ಕಲಿಸಬೇಕು. ಎಂಟು ಮಕ್ಕಳು ಸೇರಿದರು. ನಾಡಗೀತೆಗೂ ಎರಡು ದನಿ ಹಾಕೋಣ ಎಂದಳು. ಸಂಘದ ಹಿರಿಯರೊಬ್ಬರು, "ಬೇಡಮ್ಮ, 2022ರಲ್ಲಿ ಸರ್ಕಾರ ಮೈಸೂರು ಅನಂತಸ್ವಾಮಿಯವರ ಧಾಟಿ, ಎರಡೂವರೆ ನಿಮಿಷ ಅಂತ ಗೊತ್ತು ಮಾಡಿದೆ. ಅದನ್ನು ಹಾಗೇ ಹಾಡಿ" ಎಂದರು. ಅವರ ಮಾತು ನ್ಯಾಯವಾದದ್ದೇ. ನಾಡಗೀತೆ ಒಂದೇ ದನಿಯಲ್ಲಿ, ಒಂದು ಜನಪದ ಗೀತೆ ಎರಡು ದನಿಯಲ್ಲಿ ಎಂದು ತೀರ್ಮಾನವಾಯಿತು.

ಒಂದು ರಾತ್ರಿ ಹುಡುಗಿ ಹಾಡಿನ ಹಾಳೆ ಹಿಡಿದು ಬಂದಳು. "ಅಪ್ಪಾ, ಈ ಪದದ ಅರ್ಥ ಏನು? ಅರ್ಥ ಗೊತ್ತಿಲ್ಲದೆ ಎಲ್ಲಿ ಉಸಿರು ತಗೋಬೇಕು ಅಂತ ಮಕ್ಕಳಿಗೆ ಹೇಗೆ ಹೇಳ್ಲಿ?" ಪದವನ್ನು ನಡುವೆ ಕತ್ತರಿಸಿ ಉಸಿರೆಳೆಯಬಾರದೆಂದು ಅವಳಿಗೆ ಕ್ವಾಯರಿನಲ್ಲಿ ಕಲಿಸಿದ್ದರಂತೆ. ಒಂದು ಪದಕ್ಕೆ ನಾನು ಅಮ್ಮನಿಗೆ ಫೋನ್ ಮಾಡಬೇಕಾಯಿತು. ಅಮ್ಮ ಪದದ ಜೊತೆಗೆ ಸುಗ್ಗಿಯ ಕಣದ ಕಥೆಯನ್ನೂ ಅರ್ಧ ಗಂಟೆ ಹೇಳಿದರು. ಆ ಅರ್ಧ ಗಂಟೆ ನಮ್ಮ ಮನೆಯಲ್ಲಿ ಯಾರೂ "ಬೇಗ ಹೊರಡು" ಎನ್ನಲಿಲ್ಲ.

ಎಲ್ಲ ಸರಿಹೋಯಿತೆಂದು ಹೇಳಲಾರೆ. ಅವಳು ಈಗಲೂ ಕನ್ನಡ ಓದುವುದು ಅಕ್ಷರ ಕೂಡಿಸಿಕೊಂಡು. ಹಾಡನ್ನು ಬರೆದುಕೊಂಡದ್ದು ಇಂಗ್ಲಿಷ್ ಲಿಪಿಯಲ್ಲಿ. ತರಗತಿ ಬಿಟ್ಟ ಇಬ್ಬರು ಮಕ್ಕಳು ಇನ್ನೂ ಮರಳಿಲ್ಲ. ಅದಕ್ಕೆ ಸಮಿತಿಯವರಲ್ಲಿ ನನ್ನದೊಂದು ಕೋರಿಕೆ. ಮುಂದಿನ ಚಳಿಗಾಲಕ್ಕೆ ತರಗತಿಯ ವೇಳೆ ಗೊತ್ತು ಮಾಡುವ ಮುನ್ನ ಮಕ್ಕಳ ಪಂದ್ಯ, ಅಭ್ಯಾಸಗಳ ಪಟ್ಟಿ ತರಿಸಿ ನೋಡಿ. ತಿಂಗಳಿಗೊಂದು ತರಗತಿಯನ್ನು ಹಾಡಿಗೆ ಬಿಟ್ಟುಕೊಡಿ. ದೊಡ್ಡ ಮಕ್ಕಳು ಚಿಕ್ಕವರಿಗೆ ಕಲಿಸಲಿ, ಅಜ್ಜ ಅಜ್ಜಿಯರು ಊರಿನಿಂದಲೇ ಫೋನಿನಲ್ಲಿ ಅರ್ಥ ಹೇಳಲಿ. ಹಾಡಲು ಬಾರದ ನನ್ನಂಥ ಅಪ್ಪಂದಿರು ಸರದಿಯ ಮೇಲೆ ಕಾರು ಓಡಿಸಲಿ. ನಾಲ್ಕು ಮನೆಯವರು ಕೂಡಿದರೆ ಒಬ್ಬೊಬ್ಬರಿಗೆ ತಿಂಗಳಿಗೆ ಒಂದೇ ವಾರದ ವೈರಾಗ್ಯ!

ಇಂದು ಊಟಕ್ಕೆ ಮೊದಲು ಆ ಎಂಟು ಮಕ್ಕಳು ಹಾಡುತ್ತಾರೆ. ದಯವಿಟ್ಟು ಹೋಳಿಗೆಯ ಸಾಲಿಗೆ ಓಡದೆ ಕುಳಿತು ಕೇಳಿ. ಎಲ್ಲರಿಗೂ ಯುಗಾದಿಯ ಹಾರ್ದಿಕ ಶುಭಾಶಯಗಳು.