ಎದೆ ‘ಧಸಕ್’ ಎಂದರೆ ಹಾರ್ಟ್ ಅಟ್ಯಾಕ್ ಅಲ್ಲ

ಹಾಸ್ಟೆಲ್‌ಗಳಲ್ಲಿ ಈಗ ಹೊಸ ಭಯವೊಂದು ಹೊಕ್ಕಿದೆ. ಮಲಗಿದಾಗ ಎದೆ ಒಮ್ಮೆ ಧಸಕ್ ಎಂದರೆ ಸಾಕು, ಮೊಬೈಲ್‌ನಲ್ಲಿ ಹುಡುಕಾಟ ಶುರು. 2021ರಲ್ಲಿ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೇ ಅಗಲಿದರು. 2025ರಲ್ಲಿ ಹಾಸನದಿಂದ ಸಾಲುಸಾಲು ಹೃದಯಾಘಾತದ ಸುದ್ದಿ ಬಂದಾಗ ಜಯದೇವ ಆಸ್ಪತ್ರೆಗೆ ಜನ ಮುಗಿಬಿದ್ದರು. ಹಾಗಾಗಿ ಭಯ ಸಹಜವೇ. ಇನ್ನು ಕೆಲವರದು ತದ್ವಿರುದ್ಧ: ‘ಗ್ಯಾಸ್ಟ್ರಿಕ್ ಇರ್ಬೇಕು, ಬಿಡು ಮಗಾ’. ನನ್ನ ಪ್ರಕಾರ ಎರಡೂ ಸರಿಯಲ್ಲ.

ಹೃದಯದ ಬಲ ಮೇಲ್ಕೋಣೆಯಲ್ಲಿ ಸೈನಸ್ ನೋಡ್ ಇದೆ. ನಮ್ಮ ಎಲೆಕ್ಟ್ರಾನಿಕ್ಸ್ ಭಾಷೆಯಲ್ಲಿ ಅದೇ ಕ್ಲಾಕ್. ವಿಶ್ರಾಂತಿಯಲ್ಲಿದ್ದಾಗ ನಿಮಿಷಕ್ಕೆ ಸಾಮಾನ್ಯವಾಗಿ 60ರಿಂದ 100 ಪಲ್ಸ್. ಕೆಲವೊಮ್ಮೆ ಮೇಲ್ಕೋಣೆಯ ಬೇರೊಂದು ಜಾಗ ಸರದಿಗೆ ಮುನ್ನವೇ ಪಲ್ಸ್ ಕೊಟ್ಟುಬಿಡುತ್ತದೆ. ಇದೇ ‘ಪಿಎಸಿ’. ರಕ್ತ ಪೂರ್ತಿ ತುಂಬಿರದ ಕಾರಣ ಆ ಬಡಿತ ದುರ್ಬಲ. ನಂತರ ಚಿಕ್ಕ ವಿರಾಮ, ಆಮೇಲಿನ ಬಡಿತ ಜೋರು. ನಮ್ಮನ್ನು ಬೆಚ್ಚಿಬೀಳಿಸುವುದು ಆ ಜೋರು ಬಡಿತ. 24 ಗಂಟೆಯ ಹೋಲ್ಟರ್ ಪರೀಕ್ಷೆಯಲ್ಲಿ ಆರೋಗ್ಯವಂತರಲ್ಲೂ ಇಂಥವು ಕಾಣುವುದು ಮಾಮೂಲಿ.

ಎಲ್ಲರೂ ದೂರುವುದು ಕಾಫಿಯನ್ನು. ಅಮೆರಿಕದಲ್ಲಿ 100 ಜನರ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಾಫಿ ಕುಡಿಯಲು ಹೇಳಿದ ದಿನ 58, ಬಿಡಲು ಹೇಳಿದ ದಿನ 53 ಪಿಎಸಿ ದಾಖಲಾದವು. ಇದು ಗಣನೀಯ ವ್ಯತ್ಯಾಸವಲ್ಲ. ಕೆಳಕೋಣೆಯ ಹೆಚ್ಚುವರಿ ಬಡಿತ ಮಾತ್ರ ಏರಿತ್ತು, ನಿದ್ದೆ 36 ನಿಮಿಷ ಇಳಿದಿತ್ತು. ನಾವು ಕಾಫಿ ಲೋಟ ಎಣಿಸುತ್ತೇವೆ, ಕಳೆದುಕೊಂಡ ನಿದ್ದೆ ಎಣಿಸುವುದಿಲ್ಲ.

ಕಳೆದ ಇಂಟರ್ನಲ್ಸ್ ವೇಳೆ ನನಗೂ ಹೀಗಾಗಿತ್ತು. ವೈದ್ಯರು ಇಸಿಜಿ, ಥೈರಾಯ್ಡ್ ಪರೀಕ್ಷೆ ಮಾಡಿಸಿ, ‘ಮೊದಲು ಸರಿಯಾಗಿ ನಿದ್ದೆ ಮಾಡಪ್ಪ’ ಎಂದರು. ನಿದ್ದೆಗೇಡು, ಒತ್ತಡ, ಸಿಗರೇಟು, ಮದ್ಯ ಇವೆಲ್ಲ ಇದಕ್ಕೆ ಕುಮ್ಮಕ್ಕು ಕೊಡುತ್ತವೆ. ಇಂಟರ್ನಲ್ಸ್, ಪ್ಲೇಸ್‌ಮೆಂಟ್ ಹೆಸರಲ್ಲಿ ರಾತ್ರಿಯಿಡೀ ಎಚ್ಚರ ಇರುವುದನ್ನೇ ಸಾಧನೆ ಎನ್ನುವ ನಮ್ಮ ಕ್ಯಾಂಪಸ್ ಇದನ್ನು ಯೋಚಿಸಬೇಕು.

ಹಾಗೆಂದು ಉಡಾಫೆ ಬೇಡ. ಎದೆಬಡಿತದ ಜೊತೆ ತಲೆಸುತ್ತು, ಪ್ರಜ್ಞೆ ತಪ್ಪುವುದು, ಎದೆನೋವು, ಉಸಿರಾಟದ ತೊಂದರೆ ಇದ್ದರೆ ತಕ್ಷಣ ಆಸ್ಪತ್ರೆಗೆ ಹೋಗಿ. ಓಡುವಾಗ, ಆಡುವಾಗ ಬಡಿತ ತಪ್ಪಿದರೆ, ಮನೆಯಲ್ಲಿ ಚಿಕ್ಕವಯಸ್ಸಿನ ಹಠಾತ್ ಸಾವು ಆಗಿದ್ದರೆ ವೈದ್ಯರಿಗೆ ಹೇಳಲೇಬೇಕು. ಮಾಮೂಲಿ ಇಸಿಜಿ ಹಿಡಿಯುವುದು ಸುಮಾರು 10 ಸೆಕೆಂಡಿನ ಬಡಿತ ಮಾತ್ರ. ಆದ್ದರಿಂದ ಯಾವಾಗ, ಎಷ್ಟು ಹೊತ್ತು ಹಾಗಾಯಿತು ಎಂದು ಬರೆದಿಟ್ಟುಕೊಂಡು ಹೋಗಿ.

ಮೊದಲ ವರ್ಷದ ಇಂಡಕ್ಷನ್‌ನಲ್ಲಿ ಭಾಷಣಗಳಿಗೆ ದಿನಗಟ್ಟಲೆ ಸಮಯವಿದೆ. ಅದರಲ್ಲಿ ಒಂದು ಗಂಟೆ ವೈದ್ಯರಿಗೆ ಕೊಟ್ಟು, ನಾಡಿ ನೋಡುವುದು, ಸಿಪಿಆರ್ ಮಾಡುವುದು ಕಲಿಸಲಿ. ಕಾಲೇಜುಗಳಿಗೆ ಇದೇನೂ ದೊಡ್ಡ ಖರ್ಚಲ್ಲ.